ಸ್ವಂತ ಫ್ಯಾಬ್ (ಚಿಪ್ ಕಾರ್ಖಾನೆ) ಖಾಲಿ ಇರುವಾಗ ಚಿಪ್ಪನ್ನು ಹೊರಗೆ ಮಾಡಿಸಬೇಕೇ? ಆಯ್ಕೆಗಳ ಹೋಲಿಕೆ

ಮಂಗಳೂರಿನ ನಮ್ಮ ನೆರೆಮನೆಯ ಹುಡುಗಿ ಸುರತ್ಕಲ್‌ನಲ್ಲಿ ಚಿಪ್ ವಿನ್ಯಾಸ ಓದುತ್ತಿದ್ದಾಳೆ. ನಾನು ವೆಚ್ಚ ಲೆಕ್ಕಶಾಸ್ತ್ರ ಕಲಿಸುವವನಾದ್ದರಿಂದ, ಅವಳ ಪಠ್ಯದಲ್ಲಿ ಉತ್ತರ ಸಿಗದ ಒಂದು ಪ್ರಶ್ನೆಯನ್ನು ಹಿಡಿದು ಒಂದು ಸಂಜೆ ಬಂದಳು. "ಮಾಮ, ಇಂಟೆಲ್‌ನವರ ಫ್ಯಾಕ್ಟರಿಗೇ ಕೆಲಸ ಸಾಲದಂತೆ. ಮತ್ತೆ ಲ್ಯಾಪ್‌ಟಾಪಿನ ಚಿಪ್ಪನ್ನು ತೈವಾನಿನಲ್ಲಿ ಯಾಕೆ ಮಾಡಿಸುವುದು?" ಎಂದು ಕೇಳಿದಳು. ಅಂದು ಅವಳಿಗೆ ಕೊಟ್ಟ ಉತ್ತರ ಅರ್ಧವಾಗಿತ್ತು. ಕರಾವಳಿಯಿಂದ ಬೆಂಗಳೂರಿನ ಚಿಪ್ ಕಂಪನಿಗಳಿಗೆ ಹೋಗುವ ಹುಡುಗರಿಗೂ, ಆ ಕಂಪನಿಗಳ ಷೇರು ಕೊಳ್ಳುವವರಿಗೂ ಉಪಯೋಗಕ್ಕೆ ಬರಲೆಂದು ಇಲ್ಲಿ ಅದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಕಂಪನಿಯ ಮುಂದಿರುವ ದಾರಿಗಳು ಐದು. ಹೊಸ ಚಿಪ್ಪನ್ನು ತನ್ನ ಕಾರ್ಖಾನೆಯಲ್ಲೇ ಮಾಡುವುದು, ಪೂರ್ತಿಯಾಗಿ ಹೊರಗೆ ಮಾಡಿಸುವುದು, ಚಿಪ್ಪನ್ನು ತುಂಡುಗಳಾಗಿ ವಿಭಾಗಿಸಿ ಕೆಲವನ್ನು ಒಳಗೆ, ಕೆಲವನ್ನು ಹೊರಗೆ ಮಾಡುವುದು, ಖಾಲಿ ಜಾಗಕ್ಕೆ ಬೇರೆ ಕಂಪನಿಗಳ ಕೆಲಸವನ್ನು ತರುವುದು, ಕೊನೆಗೆ ಕಾರ್ಖಾನೆಯನ್ನೇ ಮುಚ್ಚುವುದು ಅಥವಾ ಮಾರುವುದು. ಇವುಗಳಲ್ಲಿ ಯಾವುದನ್ನಾದರೂ ಆರಿಸುವ ಮೊದಲು ಲೆಕ್ಕದ ಒಂದು ತಪ್ಪನ್ನು ನಿವಾರಿಸಿಕೊಳ್ಳಬೇಕು, ಏಕೆಂದರೆ ಹೆಚ್ಚಿನ ತೀರ್ಮಾನಗಳು ಹಾಳಾಗುವುದು ಅಲ್ಲಿಯೇ.

ಪುಸ್ತಕದ ದರ ಮತ್ತು ಕೈಯಿಂದ ಹೋಗುವ ಹಣ

ಬಹಳ ವರ್ಷಗಳ ಹಿಂದೆ ಕಾರ್ಕಳದ ಕಡೆಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಆರ್ಡರ್ ಕಡಿಮೆಯಿದ್ದ ಒಂದು ವರ್ಷ, ಕಿಲೋ ಒಂದರ ಬೀಜ ಒಡೆದು ಸಿಪ್ಪೆ ತೆಗೆಯಲು ನಮ್ಮ ಪುಸ್ತಕದಲ್ಲಿ ಬಂದ ದರಕ್ಕಿಂತ ಕಡಿಮೆ ದರವನ್ನು ಹೊರಗಿನವರು ಹೇಳಿದರೆಂದು ಬೀಜವನ್ನು ಅವರಿಗೆ ಜಾಬ್ ವರ್ಕಿಗೆ ಕಳುಹಿಸಲಾಯಿತು. ಆ ಹೋಲಿಕೆಯನ್ನು ಬರೆದುಕೊಟ್ಟವನು ನಾನೇ. ಬಾಯ್ಲರಿನ ಖರ್ಚು, ತಿರುಳು ಒಣಗಿಸುವ ಬೋರ್ಮಾದ ನಿರ್ವಹಣೆ, ಕಟ್ಟಡದ ಬಾಡಿಗೆ, ಮೇಲ್ವಿಚಾರಕರ ಸಂಬಳ ಇವೆಲ್ಲ ನಮ್ಮ ದರದೊಳಗೆ ಸೇರಿದ್ದವು. ಬೀಜ ಹೊರಗೆ ಹೋದ ಮೇಲೂ ಅವುಗಳಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ವರ್ಷದ ಕೊನೆಗೆ ಎರಡೂ ಕಡೆಯ ಖರ್ಚು ಸೇರಿ ಲಾಭ ಕರಗಿತು. ಅದಕ್ಕಿಂತ ದೊಡ್ಡ ಪೆಟ್ಟು ಮುಂದಿನ ವರ್ಷ ಬಿತ್ತು. ಇಡೀ ತಿರುಳನ್ನು ಒಡೆಯದಂತೆ ತೆಗೆಯಬಲ್ಲ ಹೆಂಗಸರು ಆ ವೇಳೆಗೆ ಬೇರೆ ಕಾರ್ಖಾನೆಗಳಿಗೆ ಸೇರಿಯಾಗಿತ್ತು. ಹೊಸಬರ ಕೈಯಲ್ಲಿ ತುಂಡುಗಳೇ ಹೆಚ್ಚಾದವು. ಇಡೀ ತಿರುಳಿನ ಬೆಲೆಗೂ ತುಂಡಿನ ಬೆಲೆಗೂ ಇರುವ ಅಂತರವನ್ನು ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ.

ಚಿಪ್ ಕಾರ್ಖಾನೆಯಲ್ಲಿ ಈ ತಪ್ಪಿನ ಗಾತ್ರ ನೂರಾರು ಪಟ್ಟು ದೊಡ್ಡದು, ಏಕೆಂದರೆ ಅಲ್ಲಿನ ವೆಚ್ಚದ ಬಹುಪಾಲು ವೇಫರ್ (ನೂರಾರು ಚಿಪ್‌ಗಳನ್ನು ಒಟ್ಟಿಗೆ ಮೂಡಿಸುವ ಸಿಲಿಕಾನಿನ ತೆಳು ಬಿಲ್ಲೆ) ಓಡಲಿ ಬಿಡಲಿ ತಗಲುವಂಥದ್ದು. ಅತಿ ಸಣ್ಣ ಗೆರೆಗಳನ್ನು ಮೂಡಿಸುವ ಎಎಸ್‌ಎಂಎಲ್ ಕಂಪನಿಯ ಇಯುವಿ ಯಂತ್ರ ಒಂದರ ಬೆಲೆಯೇ 15 ಕೋಟಿ ಡಾಲರಿಗೂ ಹೆಚ್ಚು. ಚಿಪ್ ತಯಾರಾಗುವ ಧೂಳಿಲ್ಲದ ಕೋಣೆಯಾದ ಕ್ಲೀನ್‌ರೂಮಿನ ಗಾಳಿಯನ್ನು ದಿನದ 24 ಗಂಟೆಯೂ ಸೋಸುತ್ತಿರಬೇಕು, ಕೆಲಸ ಇಲ್ಲವೆಂದು ರಾತ್ರಿ ಆರಿಸಿ ಬರುವಂತಿಲ್ಲ. ಯಂತ್ರಗಳ ಸವಕಳಿಯಂತೂ ಲೇಖನಿಯ ಮೇಲೆ ನಿಂತ ವಿಷಯ. ಇಂಟೆಲ್ 2023ರ ಜನವರಿಯಿಂದ ತನ್ನ ಯಂತ್ರಗಳ ಆಯುಷ್ಯವನ್ನು 5 ವರ್ಷದ ಬದಲು 8 ವರ್ಷವೆಂದು ಲೆಕ್ಕ ಹಿಡಿಯಿತು. ಕಾರ್ಖಾನೆಯಲ್ಲಿ ಒಂದು ತಿರುಪನ್ನೂ ಬದಲಿಸದೆ ವೇಫರಿನ ಪುಸ್ತಕದ ದರ ಇಳಿಯಿತು. ಹೀಗೆ ಇಳಿಯಬಲ್ಲ ದರವನ್ನು ಹೊರಗಿನವರ ದರದೊಂದಿಗೆ ಹೋಲಿಸಿ ಕೋಟಿಗಟ್ಟಲೆ ಹಣದ ತೀರ್ಮಾನ ಮಾಡುವುದನ್ನು ನಾನು ಒಪ್ಪಲಾರೆ.

ಲೆಕ್ಕ ಸುಲಭವಾಗಲೆಂದು ಕಾಲ್ಪನಿಕ ಅಂಕಿಗಳನ್ನು ಇಟ್ಟುಕೊಳ್ಳೋಣ. ಸ್ವಂತ ಕಾರ್ಖಾನೆಯಲ್ಲಿ ಒಂದು ವೇಫರಿನ ಪುಸ್ತಕದ ದರ ₹4,00,000. ಅದರಲ್ಲಿ ₹2,80,000 ಸವಕಳಿ, ಕಟ್ಟಡ, ಕಾಯಂ ಸಿಬ್ಬಂದಿಯ ಪಾಲು. ಉಳಿದ ₹1,20,000 ಮಾತ್ರ ಸಿಲಿಕಾನ್, ರಾಸಾಯನಿಕ, ಅನಿಲ, ಹೆಚ್ಚುವರಿ ವಿದ್ಯುತ್ತು ಮುಂತಾದ ಹೊಸ ಖರ್ಚು. ಹೊರಗಿನವರು ₹3,00,000 ಕೇಳುತ್ತಾರೆ. ಪುಸ್ತಕ ನೋಡಿದವರಿಗೆ ವೇಫರ್ ಒಂದಕ್ಕೆ ಒಂದು ಲಕ್ಷ ಉಳಿತಾಯ. ಆದರೆ ಸಾಲು (ತಯಾರಿಕೆಯ ಯಂತ್ರಗಳ ಸರಣಿ) ಖಾಲಿ ಇರುವುದರಿಂದ ಒಳಗೆ ಮಾಡಿದರೆ ಕೈಯಿಂದ ಹೋಗುವುದು ₹1,20,000, ಹೊರಗೆ ಮಾಡಿಸಿದರೆ ₹3,00,000. ಆದ್ದರಿಂದ ಹೊರಗೆ ಕೊಟ್ಟ ಪ್ರತಿ ವೇಫರಿಗೆ ₹1,80,000 ನಷ್ಟ. 10,000 ವೇಫರ್‌ಗಳಾದರೆ ₹180 ಕೋಟಿ. ಹೊರಗಿನವರ ದರದೊಳಗೆ ಅವರ ಲಾಭವೂ ಸೇರಿರುತ್ತದೆ ಎಂಬುದು ನೆನಪಿರಲಿ. ಗುತ್ತಿಗೆ ತಯಾರಿಕೆಯಲ್ಲಿ ಜಗತ್ತಿಗೇ ಮುಂದಿರುವ ತೈವಾನಿನ ಟಿಎಸ್‌ಎಂಸಿಯ ಒಟ್ಟು ಲಾಭಾಂಶ (ಮಾರಾಟದ ಹಣದಲ್ಲಿ ತಯಾರಿಕೆಯ ವೆಚ್ಚ ಕಳೆದು ಉಳಿಯುವ ಪಾಲು) 2024ರಲ್ಲಿ 56.1 ಶೇಕಡಾ ಇತ್ತು.

ಇಷ್ಟಕ್ಕೇ ನಿಲ್ಲಿಸಿದರೆ ಖಾಲಿ ಇರುವವರೆಗೂ ಹೊರಗೆ ಕೊಡಲೇಬಾರದು ಎಂಬ ಉತ್ತರ ಬರುತ್ತದೆ. ಆ ಸಂಜೆ ನಾನು ಕೊಟ್ಟದ್ದು ಇದೇ ಅರ್ಧ ಉತ್ತರ. ಗ್ರಾಹಕ ಕೊಳ್ಳುವುದು ಚಿಪ್ಪನ್ನು, ವೇಫರನ್ನಲ್ಲ. ಹೊರಗಿನ ತಂತ್ರಜ್ಞಾನ ಇನ್ನೂ ಸಣ್ಣ ಗೆರೆಗಳದ್ದಾಗಿದ್ದು, ಒಂದೇ ವೇಫರಿನಲ್ಲಿ ಅಲ್ಲಿ 450 ಒಳ್ಳೆಯ ಚಿಪ್ ಸಿಕ್ಕಿ ಒಳಗೆ 150 ಮಾತ್ರ ಸಿಗುವುದಾದರೆ, ಒಳಗಿನ ಚಿಪ್ಪಿಗೆ ₹800 ಹೊಸ ಖರ್ಚು, ಹೊರಗಿನದಕ್ಕೆ ₹667. ಈಗ ಹೊರಗಿನದೇ ಅಗ್ಗ. ಮೇಲಿನ ಅಂಕಿಗಳಲ್ಲಿ ಹೊರಗಿನ ಇಳುವರಿ (ಒಂದು ವೇಫರಿನಲ್ಲಿ ಸಿಗುವ ಒಳ್ಳೆಯ ಚಿಪ್‌ಗಳ ಸಂಖ್ಯೆ) ನಮ್ಮದರ ಎರಡೂವರೆ ಪಟ್ಟು ದಾಟಿದರೆ ತಕ್ಕಡಿ ಆ ಕಡೆಗೆ ವಾಲುತ್ತದೆ. ಅದು ದಾಟದಿದ್ದರೂ, ಹೊರಗೆ ಮಾಡಿದ ಚಿಪ್ ಬ್ಯಾಟರಿಯನ್ನು ಹೆಚ್ಚು ಹೊತ್ತು ಉಳಿಸಿ ಹೆಚ್ಚಿನ ಬೆಲೆಗೆ ಮಾರಾಟವಾಗುವುದಾದರೆ ಅಥವಾ ಒಳಗೆ ಮಾಡಿದ ಚಿಪ್ಪನ್ನು ಕೊಳ್ಳುವವರೇ ಇಲ್ಲದಿದ್ದರೆ, ಖರ್ಚಿನ ಹೋಲಿಕೆಯ ಜೊತೆಗೆ ಆದಾಯದ ಹೋಲಿಕೆಯನ್ನೂ ಮಾಡಬೇಕಾಗುತ್ತದೆ.

ಖಾಲಿ ಇರುವುದು ಯಾವ ಸಾಲು?

"ಖಾಲಿ ಸಾಮರ್ಥ್ಯ" ಎಂದು ಒಂದೇ ಮಾತಿನಲ್ಲಿ ಹೇಳುವುದರಿಂದ ಗೊಂದಲ ಹುಟ್ಟುತ್ತದೆ. ಮಲ್ಪೆಯ ಬಂದರಿನಲ್ಲಿ ಐಸ್ ಪ್ಲಾಂಟ್ ಖಾಲಿ ಇದೆ ಎಂದ ಮಾತ್ರಕ್ಕೆ ಅಲ್ಲಿ ಬೋಟ್ ಕಟ್ಟಲಾಗುವುದಿಲ್ಲ. 14 ನ್ಯಾನೋಮೀಟರ್ ತಂತ್ರಜ್ಞಾನದ ಸಾಲು ಬಿಡುವಾಗಿದ್ದರೂ 3 ನ್ಯಾನೋಮೀಟರಿನ ಚಿಪ್ ಅಲ್ಲಿ ಹುಟ್ಟುವುದಿಲ್ಲ (ಈ ಅಂಕಿ ಕಿರಿದಾದಷ್ಟೂ ತಂತ್ರಜ್ಞಾನ ಹೊಸದು). ಒಂದು ತಂತ್ರಜ್ಞಾನಕ್ಕೆಂದು ಬರೆದ ವಿನ್ಯಾಸವನ್ನು ಇನ್ನೊಂದಕ್ಕೆ ಒಯ್ಯಲು ಚಿಪ್ಪಿನ ಗೆರೆಗಳನ್ನು ಮೂಡಿಸುವ ಅಚ್ಚುಗಳಾದ ಮಾಸ್ಕ್‌ಗಳನ್ನು ಹೊಸದಾಗಿ ಮಾಡಿಸಬೇಕು, ವಿನ್ಯಾಸದ ಬಹುಭಾಗವನ್ನು ಮತ್ತೆ ಬರೆದು ಪರೀಕ್ಷಿಸಬೇಕು. ಅದು ವರ್ಷಗಟ್ಟಲೆಯ ಕೆಲಸ.

ಇಂಟೆಲ್‌ನ ಚರಿತ್ರೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅದರ 10 ನ್ಯಾನೋಮೀಟರ್ ತಂತ್ರಜ್ಞಾನ ವರ್ಷಗಟ್ಟಲೆ ತಡವಾಗಿ 2019ರಲ್ಲಷ್ಟೇ ದೊಡ್ಡ ಪ್ರಮಾಣದ ತಯಾರಿಕೆಗೆ ಬಂತು. ಆ ವಿಳಂಬದಿಂದ 2018 ಮತ್ತು 2019ರಲ್ಲಿ 14 ನ್ಯಾನೋಮೀಟರಿನ ಸಾಲುಗಳ ಮೇಲೆ ಹೊರೆ ಹೆಚ್ಚಿ ಚಿಪ್‌ಗಳ ಕೊರತೆಯಾಯಿತು. 2021ರ ಮಾರ್ಚ್‌ನಲ್ಲಿ ಅಂದಿನ ಮುಖ್ಯಸ್ಥ ಪ್ಯಾಟ್ ಗೆಲ್ಸಿಂಗರ್ ಹೊಸ ನೀತಿಯನ್ನು ಪ್ರಕಟಿಸಿದರು: ಸ್ವಂತ ಕಾರ್ಖಾನೆಗಳನ್ನು ಬೆಳೆಸುವುದು, ಬೇಕಾದಲ್ಲಿ ಹೊರಗೆ ಮಾಡಿಸುವುದು, ಇತರರ ಚಿಪ್‌ಗಳನ್ನೂ ತಯಾರಿಸಿಕೊಡುವುದು. 2024ರ ಸೆಪ್ಟೆಂಬರಿನಲ್ಲಿ ಬಂದ ಲೂನಾರ್ ಲೇಕ್ ಎಂಬ ಲ್ಯಾಪ್‌ಟಾಪ್ ಚಿಪ್ಪಿನ ಮುಖ್ಯ ಭಾಗ ಟಿಎಸ್‌ಎಂಸಿಯ 3 ನ್ಯಾನೋಮೀಟರಿನಲ್ಲಿ ತಯಾರಾಯಿತು; ಅದರ ಬೆನ್ನಿಗೆ ಬಂದ ಆರೋ ಲೇಕ್‌ನ ಮುಖ್ಯ ಭಾಗವೂ ಅಲ್ಲಿಯೇ. ಅದೇ 2024ರಲ್ಲಿ ಇಂಟೆಲ್‌ನ ಕಾರ್ಖಾನೆ ವಿಭಾಗ ಸುಮಾರು 1,340 ಕೋಟಿ ಡಾಲರ್ ನಷ್ಟ ತೋರಿಸಿತು. ಹಿಂದಿನ ವರ್ಷದ ನಷ್ಟ 700 ಕೋಟಿ ಡಾಲರ್ ಆಗಿತ್ತು. ಹೊಸ ಕಾರ್ಖಾನೆಗಳನ್ನು ಎಬ್ಬಿಸುವ ಖರ್ಚೂ ಇದರಲ್ಲಿ ಇರುವುದರಿಂದ ಇಡೀ ನಷ್ಟವನ್ನು ಹೊರಗುತ್ತಿಗೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಒಂದೇ ಮನೆಯೊಳಗೆ ಕಾರ್ಖಾನೆಗೆ ಕೆಲಸ ಸಾಲದು, ಚಿಪ್ ವಿಭಾಗ ಹೊರಗಿನವರಿಗೆ ಹಣ ಕಟ್ಟುತ್ತದೆ ಎಂಬ ಸ್ಥಿತಿ ಅಂಕಿಗಳಲ್ಲಿ ಕಾಣುವಷ್ಟಿತ್ತು. ಇನ್ನೂ ಗಮನಾರ್ಹವೆಂದರೆ, 2025ರ ಅಕ್ಟೋಬರಿನಲ್ಲಿ ಇದೇ ಕಂಪನಿ ತನ್ನ ಹಳೆಯ ಇಂಟೆಲ್ 10 ಮತ್ತು ಇಂಟೆಲ್ 7 ಎಂಬ ತಂತ್ರಜ್ಞಾನಗಳ ಸಾಲುಗಳಲ್ಲಿ ಬೇಡಿಕೆಗೆ ತಕ್ಕಷ್ಟು ಸಾಮರ್ಥ್ಯವಿಲ್ಲ ಎಂದಿತು. ಎರಡೇ ವರ್ಷಗಳ ಅಂತರದಲ್ಲಿ ಬಿಡುವಿನ ಸ್ಥಿತಿ ಕೊರತೆಗೆ ತಿರುಗಿತ್ತು.

ಲೂನಾರ್ ಲೇಕ್ ವಿಷಯದಲ್ಲಿ ನನ್ನ ತೀರ್ಪು ಹೀಗಿದೆ. ಆ ಚಿಪ್ ಮಾರುಕಟ್ಟೆಗೆ ಬೇಕಾಗಿದ್ದ ವೇಳೆಗೆ ಅದನ್ನು ಸರಿಗಟ್ಟಬಲ್ಲ ಸ್ವಂತ ಸಾಲು ಇಂಟೆಲ್ ಬಳಿ ಸಿದ್ಧವಿರಲಿಲ್ಲ. ತಾನು ಸಿದ್ಧಪಡಿಸುತ್ತಿದ್ದ 20ಎ ತಂತ್ರಜ್ಞಾನವನ್ನು ಆರೋ ಲೇಕ್‌ಗೆ ಬಳಸುವ ಯೋಜನೆಯನ್ನೂ ಕಂಪನಿ 2024ರ ಸೆಪ್ಟೆಂಬರಿನಲ್ಲಿ ಕೈಬಿಟ್ಟಿತು. ಆದ್ದರಿಂದ ಹೊರಗೆ ಮಾಡಿಸಿದ್ದು ಅಂದಿನ ಮಟ್ಟಿಗೆ ಸರಿ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ: ಹೊರಗಿನ ವೇಫರ್ ಮತ್ತು ಚಿಪ್ಪಿನೊಂದಿಗೇ ಕೂಡಿಸಿದ ಮೆಮೊರಿ ಸೇರಿ ಲಾಭಾಂಶವನ್ನು ತಗ್ಗಿಸಿದವು. ಸ್ಯಾಮ್‌ಸಂಗ್ ಕೂಡ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿತು. ಅದರ ಚಿಪ್ ಕಾರ್ಖಾನೆ ವಿಭಾಗ ಗಿರಾಕಿಗಳಿಗಾಗಿ ಹುಡುಕುತ್ತಿದ್ದಾಗಲೇ, 2025ರ ಆರಂಭದಲ್ಲಿ ಬಂದ ಗ್ಯಾಲಕ್ಸಿ ಎಸ್25 ಫೋನ್‌ಗಳಿಗೆಲ್ಲ ಕ್ವಾಲ್ಕಾಮ್ ವಿನ್ಯಾಸದ, ಟಿಎಸ್‌ಎಂಸಿಯಲ್ಲಿ ತಯಾರಾದ ಚಿಪ್ ಹೋಯಿತು.

ಕಲಿಕೆಯ ನಷ್ಟ

ಹೊರಗುತ್ತಿಗೆಯ ಲೆಕ್ಕದಲ್ಲಿ ಯಾರೂ ಸರಿಯಾಗಿ ಬರೆಯದ ಒಂದು ಖರ್ಚಿದೆ. ಹೊಸ ತಂತ್ರಜ್ಞಾನದ ಸಾಲಿನಲ್ಲಿ ಮೊದಮೊದಲು ಬರುವ ವೇಫರ್‌ಗಳಲ್ಲಿ ಹಾಳಾದ ಚಿಪ್‌ಗಳೇ ಹೆಚ್ಚಿರುತ್ತವೆ. ಯಾವ ಹಂತದಲ್ಲಿ, ಯಾವ ಯಂತ್ರದಿಂದ, ಯಾವ ದೋಷ ಬಂತೆಂದು ಸಾವಿರಾರು ವೇಫರ್‌ಗಳ ಮೇಲೆ ನೋಡಿ ತಿದ್ದುತ್ತ ಹೋದಂತೆ ಇಳುವರಿ ಏರುತ್ತದೆ. ಈ ತಿದ್ದುವಿಕೆಗೆ ವೇಫರ್‌ಗಳು ಓಡಲೇಬೇಕು. ಮುಂದುವರಿದ ತಂತ್ರಜ್ಞಾನದಲ್ಲಿ ಒಂದು ವೇಫರ್ ಕಾರ್ಖಾನೆಯನ್ನು ಹೊಕ್ಕು ಹೊರಬರಲು ಸುಮಾರು ಮೂರು ತಿಂಗಳು ಹಿಡಿಯುವುದರಿಂದ, ವರ್ಷಕ್ಕೆ ಕಲಿಯಲು ಸಿಗುವ ಸುತ್ತುಗಳು ಮೊದಲೇ ಕಡಿಮೆ. ಹೆಚ್ಚು ಮಾರಾಟವಾಗುವ ಚಿಪ್ಪನ್ನು ಹೊರಗೆ ಕಳುಹಿಸಿದಾಗ ಆ ಕಲಿಕೆ ಹೊರಗಿನವರ ಪಾಲಾಗುತ್ತದೆ. ಅವರ ಇಳುವರಿ ಏರುತ್ತದೆ, ನಮ್ಮದು ನಿಂತಲ್ಲೇ ನಿಲ್ಲುತ್ತದೆ. ಮುಂದಿನ ಸಲ ಹೋಲಿಸಿದಾಗ ಅಂತರ ಇನ್ನೂ ಹಿಗ್ಗಿರುತ್ತದೆ. ಸಾಲನ್ನು ಬಲ್ಲ ಎಂಜಿನಿಯರುಗಳು, ನಮ್ಮ ಗೇರುಬೀಜದ ಹೆಂಗಸರಂತೆಯೇ, ಕೆಲಸವಿರುವ ಕಡೆಗೆ ಹೋಗುತ್ತಾರೆ.

ಈ ಕಾರಣಕ್ಕೆ ನನ್ನ ಮಟ್ಟಿಗೆ ಹೊರಗುತ್ತಿಗೆಗೆ ಒಂದು ಕೊನೆಯ ದಿನಾಂಕ ಇರಲೇಬೇಕು. ಇಂಟೆಲ್ ತನ್ನ 18ಎ ಎಂಬ ಹೊಸ ತಂತ್ರಜ್ಞಾನದ ಪ್ಯಾಂಥರ್ ಲೇಕ್ ಚಿಪ್ಪಿನಲ್ಲಿ ಮುಖ್ಯ ಭಾಗವನ್ನು ಅರಿಜೋನಾದ ಸ್ವಂತ ಕಾರ್ಖಾನೆಗೆ ಮರಳಿ ತಂದದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಮೊದಲ ವರ್ಷ ಅದರ ಲಾಭಾಂಶ ಹೊರಗೆ ಮಾಡಿಸಿದ್ದಕ್ಕಿಂತ ಕಡಿಮೆ ಬಂದರೂ ನಾನು ಹೀಗೆಯೇ ಹೇಳುತ್ತೇನೆ.

ಹಳೆಯ ತಂತ್ರಜ್ಞಾನದ ಚಿಪ್‌ಗಳು

ವಿದ್ಯುತ್ ನಿಯಂತ್ರಣ, ವಾಹನ, ಕಾರ್ಖಾನೆಯ ಯಂತ್ರ ಇವುಗಳಿಗೆ ಬೇಕಾಗುವ ಚಿಪ್‌ಗಳಲ್ಲಿ ಉತ್ತರ ಬಹುಮಟ್ಟಿಗೆ ತಿರುಗುತ್ತದೆ. ಇಲ್ಲಿ ಗೆರೆ ಎಷ್ಟು ಸಣ್ಣದೆಂಬುದು ಮುಖ್ಯವಲ್ಲ; ಹೊರಗಿನ ಕಾರ್ಖಾನೆಯಿಂದ ಮೂರು ಪಟ್ಟು ಇಳುವರಿ ಬರುವ ಸಂಭವವೂ ಇಲ್ಲ. ಒಂದೇ ಚಿಪ್ ಹತ್ತು ಹದಿನೈದು ವರ್ಷ ಮಾರಾಟವಾಗುವುದರಿಂದ, ಬೇಡಿಕೆ ಕಡಿಮೆಯಿರುವಾಗ ಮಾಡಿ ಗೋದಾಮಿನಲ್ಲಿ ಇಡಬಹುದು. ಫೋನಿನ ಚಿಪ್ಪನ್ನು ಹೀಗೆ ಇಟ್ಟರೆ ವರ್ಷದೊಳಗೆ ಹಳತಾಗುತ್ತದೆ.

ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಹಿಡಿದ ದಾರಿ ಇದು. 2007ರಲ್ಲಿ ಅದು ಡಿಜಿಟಲ್ ಚಿಪ್‌ಗಳ ಮುಂದಿನ ತಂತ್ರಜ್ಞಾನವನ್ನು ತಾನೇ ಬೆಳೆಸುವುದನ್ನು ಬಿಟ್ಟು ಆ ಕೆಲಸವನ್ನು ಹೊರಗಿನವರಿಗೆ ವಹಿಸಲು ನಿರ್ಧರಿಸಿತು. ಆದರೆ ತನ್ನ ಮೂಲಬಲವಾದ ಅನಲಾಗ್ ಚಿಪ್‌ಗಳಿಗೆ (ವಿದ್ಯುತ್ತು, ಶಬ್ದ, ಉಷ್ಣತೆಗಳ ಏರಿಳಿತವನ್ನು ನಿಭಾಯಿಸುವಂಥವು) 2009ರಲ್ಲಿ ಟೆಕ್ಸಾಸಿನ ರಿಚರ್ಡ್‌ಸನ್‌ನಲ್ಲಿ 300 ಮಿಲಿಮೀಟರ್ ವೇಫರಿನ ಕಾರ್ಖಾನೆ ತೆರೆಯಿತು. 200ರಿಂದ 300 ಮಿಲಿಮೀಟರಿಗೆ ಹೋದರೆ ವೇಫರಿನ ವಿಸ್ತೀರ್ಣ 2.25 ಪಟ್ಟು ಆಗುತ್ತದೆ. ಚಿಪ್ಪಿನ ತಯಾರಿಕೆಯ ವೆಚ್ಚ ಸುಮಾರು 40 ಶೇಕಡಾ ಇಳಿಯುತ್ತದೆ ಎನ್ನುತ್ತದೆ ಕಂಪನಿ. ಒಂದೇ ಕಂಪನಿ ಒಂದನ್ನು ಹೊರಗೆ ಕೊಟ್ಟು ಇನ್ನೊಂದನ್ನು ಒಳಗೇ ಇಟ್ಟುಕೊಂಡದ್ದು ನನಗೆ ಬಹಳ ಮೆಚ್ಚುಗೆಯಾದ ವಿವೇಚನೆ. ಇದಕ್ಕೂ ಬೆಲೆಯಿದೆ. ಬೇಡಿಕೆ ತಗ್ಗಿ, ಹೊಸ ಕಾರ್ಖಾನೆಗಳ ಸವಕಳಿ ಏರಿದಾಗ ಅದರ ಒಟ್ಟು ಲಾಭಾಂಶ 2022ರ ಸುಮಾರು 69 ಶೇಕಡಾದಿಂದ 2024ರಲ್ಲಿ ಸುಮಾರು 58ಕ್ಕೆ ಇಳಿಯಿತು. ಸ್ವಂತ ಕಾರ್ಖಾನೆ ಬೇಕೆನ್ನುವವರು ಇಂಥ ವರ್ಷಗಳನ್ನು ತಾಳಿಕೊಳ್ಳುವಷ್ಟು ಹಣವನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು.

ವಾಹನದ ಚಿಪ್‌ಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳಿಗೆ ಎಇಸಿ ಕ್ಯೂ100 ಎಂಬ ಮಾನದಂಡದಂತೆ ಹೆಚ್ಚಿನ ಉಷ್ಣತೆಯಲ್ಲಿ 1,000 ಗಂಟೆ ಓಡಿಸುವ ಪರೀಕ್ಷೆಯೂ ಸೇರಿ ಹಲವು ಪರೀಕ್ಷೆಗಳಿವೆ, ಮತ್ತು ತಯಾರಿಕೆಯ ಸ್ಥಳ ಬದಲಾದರೆ ಮತ್ತೆ ಪರೀಕ್ಷಿಸಿ ಗ್ರಾಹಕರ ಒಪ್ಪಿಗೆ ಪಡೆಯಬೇಕಾಗುತ್ತದೆ. ಆದ್ದರಿಂದ ಈ ವರ್ಷ ಹೊರಗೆ, ಮುಂದಿನ ವರ್ಷ ಒಳಗೆ ಎಂದು ಆಚೀಚೆ ಓಡಾಡಲಾಗದು. ಇಲ್ಲಿ ಹೊರಗಿನವರನ್ನು ಇಟ್ಟುಕೊಳ್ಳಲು ಒಪ್ಪತಕ್ಕ ಕಾರಣ ವಿಪತ್ತಿನ ಭಯ. ವಾಹನದ ಚಿಪ್ ಮಾಡುವ ಜಪಾನಿನ ರೆನೆಸಾಸ್ ಕಂಪನಿಯ ನಾಕಾ ಕಾರ್ಖಾನೆ 2011ರ ಮಾರ್ಚ್‌ನ ಭೂಕಂಪದಲ್ಲಿ ಹಾನಿಗೊಂಡು ತಿಂಗಳುಗಟ್ಟಲೆ ನಿಂತಿತು. 2021ರ ಮಾರ್ಚ್‌ನಲ್ಲಿ ಅಲ್ಲಿಯೇ ಬೆಂಕಿ ಬಿತ್ತು. ಎರಡೂ ಸಲ ಕಾರು ಕಂಪನಿಗಳು ತತ್ತರಿಸಿದವು. ಆದರೆ ತೈವಾನಿನಲ್ಲೂ 1999ರ ಸೆಪ್ಟೆಂಬರಿನಲ್ಲಿ, 2024ರ ಏಪ್ರಿಲ್‌ನಲ್ಲಿ ದೊಡ್ಡ ಭೂಕಂಪಗಳಾದವು. ಎರಡು ಕಡೆ ಮಾಡುವುದರಿಂದ ಧೈರ್ಯ ಬರುತ್ತದೆ. ಎಲ್ಲವನ್ನೂ ಹೊರಗೆ ಕಳುಹಿಸಿದರೆ ಅಪಾಯದ ವಿಳಾಸವಷ್ಟೇ ಬದಲಾಗುತ್ತದೆ.

ತುಂಡು ಮಾಡುವುದು, ಇತರರ ಕೆಲಸ ತರುವುದು, ಮುಚ್ಚುವುದು

ಚಿಪ್ಪನ್ನು ಟೈಲ್ ಎಂಬ ತುಂಡುಗಳಾಗಿ ಮಾಡಿ ಕೊನೆಗೆ ಒಂದೇ ಪ್ಯಾಕೇಜಿನಲ್ಲಿ ಕೂಡಿಸುವ ವಿಧಾನ ಈ ಪ್ರಶ್ನೆಯ ರೂಪವನ್ನೇ ಬದಲಿಸಿದೆ. ಈಗ ಇಡೀ ಚಿಪ್ ಒಳಗೋ ಹೊರಗೋ ಎಂದು ಕೇಳಬೇಕಾಗಿಲ್ಲ. ಯಾವ ತುಂಡು ಎಲ್ಲಿ ಎಂದು ಕೇಳಿದರೆ ಸಾಕು. 2023ರ ಕೊನೆಯಲ್ಲಿ ಬಂದ ಮೀಟಿಯರ್ ಲೇಕ್‌ನಲ್ಲಿ ಮುಖ್ಯ ತುಂಡು ಇಂಟೆಲ್‌ನದು, ಗ್ರಾಫಿಕ್ಸ್ ತುಂಡು ಟಿಎಸ್‌ಎಂಸಿಯದು. ಪ್ಯಾಂಥರ್ ಲೇಕ್‌ನಲ್ಲಿ ವಿಭಜನೆ ಇನ್ನೂ ಸೂಕ್ಷ್ಮವಾಗಿದೆ. ಅದರ ಸಣ್ಣ ಗ್ರಾಫಿಕ್ಸ್ ತುಂಡು ಇಂಟೆಲ್ 3 ಎಂಬ ಸ್ವಂತ ತಂತ್ರಜ್ಞಾನದಲ್ಲಿ, ದೊಡ್ಡದು ಟಿಎಸ್‌ಎಂಸಿಯ 3 ನ್ಯಾನೋಮೀಟರಿನಲ್ಲಿ ತಯಾರಾಗುತ್ತದೆ. ಒಳಗಿನ ತಂತ್ರಜ್ಞಾನ ಸಾಕಾಗುವಲ್ಲಿ ಒಳಗೆ, ಸಾಲದಲ್ಲಿ ಹೊರಗೆ ಎಂಬ ನಿಯಮ ಒಂದೇ ಉತ್ಪನ್ನದೊಳಗೆ ಪಾಲನೆಯಾದ ಉದಾಹರಣೆ ಇದು. ಮುಂದುವರಿದ ಚಿಪ್ ಮಾಡುವ, ಅರ್ಧ ಖಾಲಿ ಕಾರ್ಖಾನೆಯಿರುವ ಕಂಪನಿಗೆ ನಾನು ಮೊದಲು ಸೂಚಿಸುವುದು ಈ ದಾರಿಯನ್ನು.

ಇತರರ ಕೆಲಸವನ್ನು ತರುವುದು ಕೇಳಲು ಚಂದ, ಮಾಡಲು ಕಷ್ಟ. ತನ್ನದೇ ಮುಖ್ಯ ಚಿಪ್ಪನ್ನು ಹೊರಗೆ ಮಾಡಿಸುವ ಕಾರ್ಖಾನೆಯನ್ನು ಹೊಸ ಗಿರಾಕಿ ಹೇಗೆ ನಂಬಿಯಾನು?

ಮುಚ್ಚುವ ವಿಷಯದಲ್ಲಿ ರೆನೆಸಾಸ್‌ನ ಕೋಫು ಕಾರ್ಖಾನೆಯನ್ನು ನೆನೆಯಬೇಕು. 2014ರಲ್ಲಿ ಮುಚ್ಚಿದ ಅದನ್ನು, ವಾಹನಗಳ ವಿದ್ಯುತ್ ಚಿಪ್‌ಗಳಿಗೆ ಬೇಡಿಕೆ ಬರುವುದೆಂದು 9,000 ಕೋಟಿ ಯೆನ್ ಹೂಡಿ 2024ರ ಏಪ್ರಿಲ್‌ನಲ್ಲಿ ಮತ್ತೆ ತೆರೆಯಲಾಯಿತು. ಹತ್ತು ವರ್ಷ ಬಾಗಿಲು ಹಾಕಿದ್ದರೂ ಕಟ್ಟಡ ಕೈಯಲ್ಲಿ ಉಳಿದಿತ್ತು. ಮಾರಿದ್ದರೆ ಅದೂ ಇರುತ್ತಿರಲಿಲ್ಲ. ಬೇಡಿಕೆ ಎಂದೂ ಮರಳದು ಎಂಬ ಖಚಿತತೆ ಇದ್ದಾಗ ಮಾತ್ರ ಮಾರುವುದು ಒಳ್ಳೆಯದು.

ಒಪ್ಪಂದದ ಮಾತು

ಹೊರಗೆ ಕೊಡುವುದೆಂದೇ ತೀರ್ಮಾನವಾದರೆ, ದರಕ್ಕಿಂತ ಮೊದಲು ನೋಡಬೇಕಾದದ್ದು ಕನಿಷ್ಠ ಪ್ರಮಾಣದ ಷರತ್ತು. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ 2009ರಲ್ಲಿ ತನ್ನ ಕಾರ್ಖಾನೆಗಳನ್ನು ಗ್ಲೋಬಲ್‌ಫೌಂಡ್ರೀಸ್ ಎಂಬ ಹೊಸ ಕಂಪನಿಗೆ ಬಿಟ್ಟುಕೊಟ್ಟಾಗ, ಅಲ್ಲಿಂದ ವೇಫರ್ ಕೊಳ್ಳುವ ದೀರ್ಘ ಒಪ್ಪಂದವನ್ನೂ ಮಾಡಿಕೊಂಡಿತು. ಒಪ್ಪಿದಷ್ಟು ವೇಫರ್ ಬೇಡವಾದಾಗ, 2012ರ ಡಿಸೆಂಬರಿನಲ್ಲಿ ಅದನ್ನು ಕಡಿತಗೊಳಿಸಿಕೊಳ್ಳಲು 32 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು. 2016ರಲ್ಲಿ ಬೇರೆ ಕಾರ್ಖಾನೆಗಳಲ್ಲಿಯೂ ಮಾಡಿಸುವ ಸ್ವಾತಂತ್ರ್ಯಕ್ಕಾಗಿ ಮತ್ತೆ 10 ಕೋಟಿ ಡಾಲರ್ ಒಪ್ಪಿತು. ಅದರ ಜೊತೆಗೆ ತನ್ನ 7.5 ಕೋಟಿ ಷೇರು ಕೊಳ್ಳುವ ಹಕ್ಕನ್ನೂ ಗ್ಲೋಬಲ್‌ಫೌಂಡ್ರೀಸ್‌ನ ಮಾಲೀಕರ ಕಡೆಗೆ ಕೊಟ್ಟು, ಹೊರಗೆ ಮಾಡಿಸಿದ ವೇಫರ್‌ಗಳ ಮೇಲೆ ಶುಲ್ಕ ತೆರುವ ಷರತ್ತನ್ನೂ ಒಪ್ಪಿಕೊಂಡಿತು. 2018ರ ಆಗಸ್ಟಿನಲ್ಲಿ ಗ್ಲೋಬಲ್‌ಫೌಂಡ್ರೀಸ್ 7 ನ್ಯಾನೋಮೀಟರಿನ ಪ್ರಯತ್ನವನ್ನೇ ಕೈಬಿಟ್ಟಾಗ ಎಎಂಡಿ ಆ ಚಿಪ್‌ಗಳನ್ನು ಟಿಎಸ್‌ಎಂಸಿಯಲ್ಲಿ ಮಾಡಿಸಿತು ಮತ್ತು ಅಲ್ಲಿಂದ ಅದರ ಏಳಿಗೆಯಾಯಿತು. ಹೊರಗೆ ಹೋದದ್ದು ಸರಿ, ಹೊರಗೆ ಹೋಗಲು ತೆತ್ತ ದಂಡ ತಪ್ಪಿಸಬಹುದಾಗಿದ್ದದ್ದು.

ಸ್ವಂತ ಕಾರ್ಖಾನೆ ಖಾಲಿ ಇರುವ ಕಂಪನಿಗೆ ಇಂಥ ಷರತ್ತು ಇನ್ನೂ ಭಾರ. ಬೇಡಿಕೆ ಬಿದ್ದ ವರ್ಷ ಅದು ಸ್ವಂತ ಸಾಲಿನ ಸವಕಳಿಯನ್ನೂ ಹೊತ್ತು, ಬೇಡದ ವೇಫರಿನ ಹಣವನ್ನೂ ಕಟ್ಟಬೇಕಾಗುತ್ತದೆ. ಆದ್ದರಿಂದ ಅಂಥ ಕಂಪನಿ ಬರೆಸಿಕೊಳ್ಳಬೇಕಾದದ್ದು ಇಷ್ಟು: ಒಪ್ಪಂದ ಒಂದು ಚಿಪ್ಪಿನ ಪೀಳಿಗೆಗೆ ಮಾತ್ರ ಇರಬೇಕು, ಪ್ರಮಾಣವನ್ನು ಪ್ರತಿ ವರ್ಷ ತಗ್ಗಿಸುವ ಹಕ್ಕು ಇರಬೇಕು, ಮುಂದಿನ ಪೀಳಿಗೆಯನ್ನು ಒಳಗೆ ಮಾಡಿದರೆ ಯಾವ ಶುಲ್ಕವೂ ತಗಲಬಾರದು. ಇದಕ್ಕಾಗಿ ವೇಫರಿಗೆ ಸ್ವಲ್ಪ ಹೆಚ್ಚಿನ ದರ ಕೇಳಿದರೂ ಕೊಡಬೇಕು ಎಂದು ಆ ಹುಡುಗಿ ಮುಂದಿನ ಸಲ ಬಂದಾಗ ಹೇಳಿದೆ. ಎಷ್ಟು ಹೆಚ್ಚು ಎಂದು ಅವಳು ಕೇಳಿದಳು. ಖಾಲಿ ಸಾಲಿನ ಒಂದು ವರ್ಷದ ಸ್ಥಿರ ವೆಚ್ಚವನ್ನು ಹೊರಗೆ ಮಾಡಿಸುವ ವೇಫರ್‌ಗಳಿಂದ ಭಾಗಿಸಿ, ಅದಕ್ಕಿಂತ ಕೆಳಗೆ ಎಲ್ಲಿಯಾದರೂ ಒಪ್ಪಬಹುದು ಎಂದೆ. ಹಾಳೆ ತೆಗೆದು ಅಲ್ಲಿಯೇ ಲೆಕ್ಕ ಹಾಕತೊಡಗಿದಳು.